‘ಕಂಪ್ಯೂಟರ್ ಮ್ಯಾಚಿಂಗ್’ ಸೇವೆಯ ವಿಮರ್ಶೆ: ಹೊಸ ಫೆಂಡರ್, ಹೊಸ ಬಂಪರ್, ಹಳೇ ಮೈಬಣ್ಣ

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ದೊಡ್ಡ ಪೇಂಟ್ ಅಂಗಡಿಗಳವರೆಗೆ ‘ಕಂಪ್ಯೂಟರ್ ಮ್ಯಾಚಿಂಗ್’, ಅಂದರೆ ಗಾಡಿಯ ಬಣ್ಣಕ್ಕೆ ಕೂಡುವ ಪೇಂಟನ್ನು ಕಂಪ್ಯೂಟರ್ ನೋಡಿ ಕಲಸಿಕೊಡುವ ಸೇವೆ, ಎಂಬ ಮಾತು ಈಗ ಎಲ್ಲರಿಗೂ ಗೊತ್ತು. ಬಂಪರ್ ಒಡೆದಿದೆ, ಮುಂಚಕ್ರದ ಮೇಲಿನ ಫೆಂಡರ್ ನಜ್ಜುಗುಜ್ಜಾಗಿದೆ, ಹೊಸದು ತಂದಾಗಿದೆ. ಇನ್ನು ಬಣ್ಣವೊಂದು ಕೂಡಿದರೆ ಸಾಕು ಎನ್ನುವವರು ಅಲ್ಲಿಗೆ ಹೋಗಿ ಅರ್ಧ ಲೀಟರ್ ಡಬ್ಬಿ ಹಿಡಿದು ಬರುತ್ತಾರೆ. ಗಾಡಿ ಪೇಂಟ್ ಹೊಡೆಯುವ ಬೂತ್‌ನಿಂದ ಹೊರಬಂದ ಮರುದಿನ ಬಿಸಿಲಲ್ಲಿ ನೋಡಿದರೆ ಫೆಂಡರ್ ಒಂದು ಬಣ್ಣ, ಬಾಗಿಲು ಇನ್ನೊಂದು. ಪೇಂಟರ್ ಅಂಗಡಿಯವರನ್ನು ದೂರುತ್ತಾರೆ, ಅಂಗಡಿಯವರು ಪೇಂಟರ್‌ನ ಕೈಯನ್ನು ದೂರುತ್ತಾರೆ. ಎಷ್ಟೋ ಸಲ ಇಬ್ಬರದ್ದೂ ಅರ್ಧರ್ಧ ನಿಜ. ಈ ಸೇವೆಯಿಂದ ಎಷ್ಟನ್ನು ನಿರೀಕ್ಷಿಸಬಹುದು, ಎಲ್ಲಿಂದಾಚೆ ಅದು ಕೈಕೊಡುತ್ತದೆ ಎಂಬುದನ್ನು ಬಣ್ಣಬಣ್ಣಕ್ಕೂ ಬೇರೆಯಾಗಿ ನೋಡಬೇಕು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮಿನುಗಿಲ್ಲದ ಸಾದಾ ಬಿಳಿ, ಸಾದಾ ಕೆಂಪಿಗೆ ಗಾಡಿಯ ಬಣ್ಣದ ಕೋಡ್ ನೋಡಿ ಕಲಸಿಕೊಟ್ಟ ಪೇಂಟ್ ಬಹುಮಟ್ಟಿಗೆ ಸಾಕು. ಸಿಲ್ವರ್ ಮತ್ತು ಗ್ರೇಗೆ ಬಣ್ಣ ಓದುವ ಕ್ಯಾಮೆರಾದ ರೀಡಿಂಗ್ ಬೇಕು, ಅದರ ಮೇಲೆ ಟೆಸ್ಟ್ ಕಾರ್ಡ್ (ಕಲಸಿದ ಬಣ್ಣ ಹೊಡೆದು ನೋಡುವ ಕಾರ್ಡ್) ಕೂಡ ಬೇಕು. ಮುತ್ತಿನಂತೆ ಮಿನುಗುವ ಪರ್ಲ್ ಬಿಳಿಗೆ ಇವೆರಡೂ ಇದ್ದರೂ ಕೋಟ್‌ಗಳ ಲೆಕ್ಕ ಹಿಡಿಯದೆ ಬಣ್ಣ ಕೂಡುವುದಿಲ್ಲ. ಫೆಂಡರ್ ಬದಲಿಸಿದ್ದರೆ ಬಣ್ಣ ಯಾವುದೇ ಇರಲಿ, ಪಕ್ಕದ ಬಾಗಿಲಿಗೆ ಬ್ಲೆಂಡ್ ಮಾಡದ, ಅಂದರೆ ಹೊಸ ಬಣ್ಣವನ್ನು ಬಾಗಿಲಿನ ಮೇಲೂ ಮೆಲ್ಲಗೆ ಮಾಯವಾಗುವಂತೆ ಚಾಚದ ಕೆಲಸವನ್ನು ಒಪ್ಪಿಕೊಳ್ಳಬೇಡಿ.

ಒಂದೇ ಬೋರ್ಡ್, ಎರಡು ಸೇವೆ

ಆ ಹೆಸರಿನಡಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು ಕೋಡ್ ಮಿಕ್ಸಿಂಗ್. ಗಾಡಿಯ ಪೇಂಟ್ ಕೋಡ್ ಕೊಟ್ಟರೆ ಸಾಫ್ಟ್‌ವೇರ್ ಫಾರ್ಮುಲಾ ತೋರಿಸುತ್ತದೆ, ಅದರಂತೆ ಟಿಂಟರ್‌ಗಳನ್ನು (ಕಲಸಲು ಬಳಸುವ ಮೂಲ ಬಣ್ಣಗಳನ್ನು) ತಕ್ಕಡಿಯ ಮೇಲೆ ಗ್ರಾಂ ಲೆಕ್ಕದಲ್ಲಿ ಸುರಿಯುತ್ತಾರೆ. ಎರಡನೆಯದು ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ಜನ ‘ಕ್ಯಾಮೆರಾ’ ಎನ್ನುವ ಕೈಯುಪಕರಣ. ಅದನ್ನು ಗಾಡಿಯ ಮೈಗೆ ಒತ್ತಿ ಹಿಡಿದರೆ ಹಲವು ಕೋನಗಳಿಂದ ಬಣ್ಣ ಓದಿ, ತನ್ನ ಸಂಗ್ರಹದಲ್ಲಿರುವ ಫಾರ್ಮುಲಾಗಳಲ್ಲಿ ಅತಿ ಹತ್ತಿರದ್ದನ್ನು ಆರಿಸಿ ತಿದ್ದಿಕೊಡುತ್ತದೆ. ಬಹಳಷ್ಟು ಕಡೆ ಸಿಗುವುದು ಮೊದಲನೆಯದು ಮಾತ್ರ. ‘ಕ್ಯಾಮೆರಾ ಹಿಡಿಯುತ್ತೀರಾ, ಕೋಡ್ ಮೇಲೆ ಕಲಸುತ್ತೀರಾ’ ಎಂದು ನೇರವಾಗಿ ಕೇಳಿಯೇ ಆರ್ಡರ್ ಕೊಡಿ.

ಕೋಡ್ ಎಲ್ಲಿದೆ ಎಂಬುದು ಕಂಪನಿಯ ಮೇಲೆ ಹೋಗುತ್ತದೆ. ಟೊಯೊಟಾದಲ್ಲಿ ಗಾಡಿಯ ವಿವರಗಳಿರುವ ಫಲಕದ ಮೇಲೆ ‘ಸಿ/ಟಿಆರ್’ ಎಂಬ ಸಾಲು ಇರುತ್ತದೆ, ಅದರಲ್ಲಿ ಮೊದಲ ಭಾಗ ಮೈಬಣ್ಣ, ಎರಡನೆಯದು ಒಳಗಿನ ಟ್ರಿಮ್. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ಡಿಕ್ಕಿಯೊಳಗೆ ಸ್ಟೆಪ್ನಿ ಗುಂಡಿಯ ಹತ್ತಿರದ ಸ್ಟಿಕ್ಕರ್ ನೋಡಿ. ಹೆಸರು ಮಾತ್ರ ಹೇಳಿದರೆ ಎಡವಟ್ಟಾಗುತ್ತದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾವನ್ನೇ ತೆಗೆದುಕೊಳ್ಳಿ. ಸೂಪರ್ ವೈಟ್ ಕೋಡ್ 040, ವೈಟ್ ಪರ್ಲ್ ಕ್ರಿಸ್ಟಲ್ ಶೈನ್ ಕೋಡ್ 070. ಮಬ್ಬು ಬೆಳಕಿನಲ್ಲಿ ಎರಡೂ ‘ಬಿಳಿ ಇನ್ನೋವಾ’. ಮೊದಲನೆಯದು ಸಾದಾ ಬಿಳಿ, ಎರಡನೆಯದು ಮೂರು ಹಂತದ ಪರ್ಲ್. 070ರ ಗಾಡಿಗೆ 040 ಹೊಡೆದರೆ ತಿದ್ದುವ ದಾರಿಯೇ ಇಲ್ಲ, ಉಜ್ಜಿ ಮತ್ತೆ ಹೊಡೆಯಬೇಕು.

ಕೋಡ್ ಸರಿಯಿದ್ದ ಮಾತ್ರಕ್ಕೂ ಬಣ್ಣ ಸರಿಯಿರುತ್ತದೆ ಎನ್ನುವ ಹಾಗಿಲ್ಲ. ಅದೇ ಕೋಡ್ ಹೊತ್ತ ಗಾಡಿಗಳು ಬೇರೆ ಬೇರೆ ವರ್ಷ, ಬೇರೆ ಬೇರೆ ಬ್ಯಾಚ್‌ಗಳಲ್ಲಿ ಒಂದೆಳೆ ಹೆಚ್ಚು ನೀಲಿ, ಒಂದೆಳೆ ಹೆಚ್ಚು ಹಳದಿ, ಕೆಲವೊಮ್ಮೆ ದಪ್ಪ ಮಿನುಗು ಹೊತ್ತು ಹೊರಬಂದಿರುತ್ತವೆ. ಆದ್ದರಿಂದ ಪೇಂಟ್ ಕಂಪನಿಗಳು ಒಂದೇ ಕೋಡ್‌ಗೆ ಮೂಲ ಫಾರ್ಮುಲಾ ಜೊತೆಗೆ ಹಲವು ವೇರಿಯೆಂಟ್‌ಗಳನ್ನೂ ಇಟ್ಟಿರುತ್ತವೆ. ಒಳ್ಳೆಯ ಅಂಗಡಿಯವರು ಆ ವೇರಿಯೆಂಟ್‌ಗಳ ಬಣ್ಣದ ಪಟ್ಟಿಯನ್ನು ಗಾಡಿಯ ಪಕ್ಕ ಹಿಡಿದು ನೋಡುತ್ತಾರೆ. ಮಾರುತಿಯ ಸಿಲ್ಕಿ ಸಿಲ್ವರ್‌ನಂಥ ಬಣ್ಣಕ್ಕೆ ಇದನ್ನು ಬಿಟ್ಟು ನೇರ ಮೂಲ ಫಾರ್ಮುಲಾ ಕಲಸಿಕೊಟ್ಟರೆ ಅದು ಅವಸರದ ಕೆಲಸ.

ನಿಪ್ಪಾನ್‌ನ ನ್ಯಾಕ್ಸ್, ಪಿಪಿಜಿ ಏಷ್ಯನ್ ಪೇಂಟ್ಸ್, ಆಕ್ಸಾಲ್ಟಾ, ಬಿಎಎಸ್‌ಎಫ್‌ನ ಗ್ಲಾಸುರಿಟ್, ಅಕ್ಜೊ ನೊಬೆಲ್‌ನ ಸಿಕೆನ್ಸ್, ಇವುಗಳಲ್ಲಿ ಯಾವ ಪೇಂಟ್‌ನಲ್ಲೂ ಒಳ್ಳೆಯ ಮ್ಯಾಚ್ ತೆಗೆಯಬಹುದು. ಒಂದರ ಫಾರ್ಮುಲಾ ಇನ್ನೊಂದರ ಟಿಂಟರ್‌ಗೆ ನಡೆಯುವುದಿಲ್ಲ. ಒಂದು ಕಂಪನಿಯ ಬೇಸ್‌ಗೆ (ಬಣ್ಣದ ಪದರದ ಪೇಂಟ್‌ಗೆ) ಇನ್ನೊಂದರ ಥಿನ್ನರ್, ಮತ್ತೊಂದರ ಹಾರ್ಡ್‌ನರ್ (ಪದರ ಗಟ್ಟಿಯಾಗಿಸುವ ದ್ರವ) ಸೇರಿಸುವ ಅಭ್ಯಾಸವನ್ನು ಮಾತ್ರ ತಡೆಯಲೇಬೇಕು. ಹಾಗೆ ಮಾಡಿದರೆ ಬಣ್ಣ ಹಾಳಾಗುವುದಷ್ಟೇ ಅಲ್ಲ, ಪದರ ಸುಕ್ಕುಗಟ್ಟುವುದೂ ಉಂಟು.

ಕೌಂಟರ್‌ನಲ್ಲಿ ನಿಂತು ಏನು ನೋಡಬೇಕು

ಮೊದಲು ಟಿಂಟರ್ ಡಬ್ಬಿಗಳ ರ‍್ಯಾಕ್. ಪ್ರತಿ ಡಬ್ಬಿಯ ಮುಚ್ಚಳದಲ್ಲೂ ಕಲಕುವ ರೆಕ್ಕೆ ಇದ್ದು, ಮೋಟಾರಿನಿಂದ ದಿನಕ್ಕೆ ಎರಡು ಸಲವಾದರೂ ತಿರುಗಬೇಕು. ಸಿಲ್ವರ್‌ಗೆ ಮಿನುಗು ಕೊಡುವ ಅಲ್ಯೂಮಿನಿಯಂ ಪುಡಿ ತೂಕದ್ದು, ತಳಕ್ಕೆ ಕೂರುತ್ತದೆ. ಕಲಕದೆ ಮೇಲಿನಿಂದ ಸುರಿದರೆ ತಕ್ಕಡಿ ಸರಿಯಾದ ಗ್ರಾಂ ತೋರಿಸುತ್ತದೆ, ಒಳಗೆ ಬಿದ್ದಿರುವುದು ಬರೀ ರೆಸಿನ್, ಅಂದರೆ ಮಿನುಗಿಲ್ಲದ ಅಂಟು. ರ‍್ಯಾಕ್ ಮೌನವಾಗಿ ಧೂಳು ಹಿಡಿದು ನಿಂತಿದ್ದರೆ ಆ ಅಂಗಡಿಯಿಂದ ಸಿಲ್ವರ್ ಕೊಳ್ಳಬೇಡಿ.

ಎರಡನೆಯದು ಪ್ರಮಾಣ. ‘ನೂರು ಮಿ.ಲೀ. ಸಾಕು’ ಎಂದು ಉಳಿತಾಯ ಮಾಡಲು ಹೋದರೆ ಮೋಸ ಹೋಗುತ್ತೀರಿ. ಒಂದು ಲೀಟರ್ ಫಾರ್ಮುಲಾದಲ್ಲಿ ನೇರಳೆ ಟಿಂಟರ್ 2 ಗ್ರಾಂ ಇದೆ ಎಂದುಕೊಳ್ಳಿ. 100 ಮಿ.ಲೀ.ಗೆ ಅದು 0.2 ಗ್ರಾಂ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದೆರಡು ಹನಿ ಹೆಚ್ಚುಕಡಿಮೆಯಾದರೂ ಗೊತ್ತಾಗುವುದಿಲ್ಲ, ಬಣ್ಣ ಮಾತ್ರ ತಿರುಗಿರುತ್ತದೆ. 250 ಮಿ.ಲೀ.ಗಿಂತ ಕಡಿಮೆ ಕಲಸಿಸಬೇಡಿ. ಕೆಲಸಕ್ಕೆ ಬೇಕಾದಷ್ಟನ್ನೂ ಒಂದೇ ಸಲ ಕಲಸಿಸಿ. ಮಧ್ಯದಲ್ಲಿ ಮುಗಿದು ಎರಡನೇ ಡಬ್ಬಿ ತಂದರೆ ಅದು ಎರಡನೇ ಬಣ್ಣವೇ. ತರಲೇಬೇಕಾಗಿ ಬಂದರೆ ಮೊದಲನೆಯದು ಪೂರ್ತಿ ಮುಗಿಯುವ ಮುಂಚೆ ತಂದು ಎರಡನ್ನೂ ಬೆರೆಸಿಕೊಳ್ಳಬೇಕು.

ಮೂರನೆಯದು ಮಾದರಿ. ಪೆಟ್ರೋಲ್ ಮುಚ್ಚಳ ಬಿಚ್ಚಿ ತರುವುದು ನಮ್ಮಲ್ಲಿ ರೂಢಿ. ಸಣ್ಣದು, ಚಪ್ಪಟೆ, ತರಲು ಸುಲಭ, ನಿಜ. ಆದರೆ ಅದು ಹಿಂಬದಿಯ ಭಾಗ, ಇಂಧನ ಚೆಲ್ಲಿ ಕಲೆಯಾಗಿರುತ್ತದೆ, ಬಾನೆಟ್‌ನಷ್ಟು ಬಿಸಿಲು ತಿಂದಿರುವುದಿಲ್ಲ. ಮುಂದಿನ ಎಡ ಫೆಂಡರ್ ಬದಲಿಸುತ್ತಿದ್ದರೆ ರೀಡಿಂಗ್ ತೆಗೆಯಬೇಕಾದದ್ದು ಎಡ ಮುಂಬಾಗಿಲಿನ ಮೇಲೆ, ಫೆಂಡರ್‌ಗೆ ಹತ್ತಿರದ ಜಾಗದಲ್ಲಿ. ಗಾಡಿಯನ್ನೇ ತನ್ನಿ. ಆಗದಿದ್ದರೆ ಮುಚ್ಚಳ ತನ್ನಿ, ಆದರೆ ಕೊನೆಯ ಹೋಲಿಕೆ ಗಾಡಿಯ ಮೇಲೇ ಆಗಲಿ.

ಕ್ಯಾಮೆರಾ ಹಿಡಿಯುವ ಮೊದಲು ಆ ಜಾಗವನ್ನು ತೊಳೆದು, ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿರಬೇಕು. ಧೂಳು, ಮೇಣ, ಗೀರುಗಳಿಂದ ಮಬ್ಬಾದ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ) ಪದರದ ಮೇಲೆ ರೀಡಿಂಗ್ ತೆಗೆದರೆ ಉಪಕರಣವು ಆ ಮಬ್ಬನ್ನೂ ಬಣ್ಣವೆಂದೇ ಓದುತ್ತದೆ. ಕೊನೆಗೆ ಹೊಸ ಫೆಂಡರ್ ಕೊಳಕು ಬಾಗಿಲಿಗೆ ಮ್ಯಾಚ್ ಆಗುತ್ತದೆ, ತೊಳೆದ ಬಾಗಿಲಿಗಲ್ಲ. ಕನಿಷ್ಠ ಮೂರು ಜಾಗದಲ್ಲಿ ರೀಡಿಂಗ್ ತೆಗೆದು ಸರಾಸರಿ ಹಿಡಿಯಬೇಕು, ಉಪಕರಣ ಅಲುಗದೆ ಚಪ್ಪಟೆಯಾಗಿ ಕೂರಬೇಕು. ಬಂಪರ್‌ನ ಬಾಗಿದ ಮೂಲೆಯ ಮೇಲೆ ತೆಗೆದ ರೀಡಿಂಗ್‌ಗೆ ಬೆಲೆಯಿಲ್ಲ. ಮೈ ಬಿಸಿಯಾಗಿದ್ದರೂ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಆದ್ದರಿಂದ ಬಿಸಿಲಿನಿಂದ ಬಂದ ಗಾಡಿ ನೆರಳಲ್ಲಿ ಆರಲಿ.

ಅಂಗಡಿಯನ್ನು ಅಳೆಯುವುದು ಕಾರ್ಡ್‌ನಲ್ಲಿ

ಇಡೀ ಸೇವೆಯಲ್ಲಿ ನಾವು ಅತಿ ಹೆಚ್ಚು ತೂಕ ಕೊಡುವುದು ಟೆಸ್ಟ್ ಕಾರ್ಡ್‌ಗೆ. ಕಲಸಿದ ಬಣ್ಣವನ್ನು ಸ್ಪ್ರೇ ಗನ್‌ನಿಂದ ಒಂದು ಗಟ್ಟಿ ಕಾರ್ಡ್ ಮೇಲೆ ಹೊಡೆದು, ಒಣಗಿಸಿ, ಕ್ಲಿಯರ್ ಹಾಕಿ, ಗಾಡಿಯ ಮೇಲಿಟ್ಟು ನೋಡುವುದು. ಇದನ್ನು ಮಾಡದೆ ಡಬ್ಬಿ ಕೈಗಿಟ್ಟವರು ಬಣ್ಣ ಮಾರಿದ್ದಾರೆಯೇ ಹೊರತು ಮ್ಯಾಚಿಂಗ್ ಮಾಡಿಲ್ಲ. ದುಃಖದ ಸಂಗತಿಯೆಂದರೆ ಇದು ಅಪರೂಪ. ಹೆಚ್ಚಿನ ಕಡೆ ಕಡ್ಡಿಯನ್ನು ಡಬ್ಬಿಯಲ್ಲಿ ಅದ್ದಿ ಪೆಟ್ರೋಲ್ ಮುಚ್ಚಳದ ಮೇಲೆ ಸವರಿ ‘ನೋಡಿ, ಕರೆಕ್ಟ್’ ಎನ್ನುತ್ತಾರೆ. ಸಾದಾ ಬಿಳಿಗೂ ಅದು ಅರೆಬರೆ ಪರೀಕ್ಷೆ. ಸಿಲ್ವರ್‌ಗೆ ಅದು ಪರೀಕ್ಷೆಯೇ ಅಲ್ಲ. ಸವರಿದಾಗ ಅಲ್ಯೂಮಿನಿಯಂ ಚೂರುಗಳು ಅಡ್ಡಾದಿಡ್ಡಿ ನಿಲ್ಲುತ್ತವೆ, ಗನ್‌ನಿಂದ ಹೊಡೆದಾಗ ಬೇರೆ ರೀತಿ ಮಲಗುತ್ತವೆ. ಮೇಲೆ ಕ್ಲಿಯರ್ ಬಿದ್ದ ಮೇಲೆ ಬೇಸ್ ಇನ್ನಷ್ಟು ಗಾಢವಾಗುತ್ತದೆ.

ಕಾರ್ಡ್ ಮೇಲೆ ಕಪ್ಪು-ಬಿಳಿ ಚೌಕದ ಗುರುತು ಇರಬೇಕು. ಆ ಚೌಕ ಪೂರ್ತಿ ಮುಚ್ಚುವವರೆಗೆ ಎಷ್ಟು ಕೋಟ್ ಬಿತ್ತು ಎಂದು ಎಣಿಸಿ ಕಾರ್ಡ್ ಹಿಂದೆ ಬರೆಯಿರಿ. ಗಾಡಿಗೂ ಅಷ್ಟೇ ಕೋಟ್. ಕೊನೆಯ ಕಾರ್ಡ್ ಹೊಡೆಯುವವರು ಗಾಡಿ ಹೊಡೆಯುವ ಪೇಂಟರೇ ಆಗಿರಬೇಕು. ಅದೇ ಗನ್, ಅದೇ ಪ್ರೆಶರ್, ಅದೇ ಥಿನ್ನರ್. ಬೇಸ್ ಒಣಗಿದ ಮೇಲೆ ಅರ್ಧ ಕಾರ್ಡ್‌ಗೆ ಕ್ಲಿಯರ್ ಹಾಕಿ. ಕ್ಲಿಯರ್ ಬಿದ್ದ ಅರ್ಧವನ್ನು ಮಾತ್ರ ಹೋಲಿಸಿ.

ಹೋಲಿಸುವಾಗ ಕಾರ್ಡ್ ಅನ್ನು ಬಾಗಿಲಿನ ಮೈಗೇ ಟೇಪ್ ಹಚ್ಚಿ ಅಂಟಿಸಬೇಕು. ಕೈಯಲ್ಲಿ ಓರೆಯಾಗಿ ಹಿಡಿದರೆ ಬೆಳಕು ಬೇರೆ ಕೋನದಲ್ಲಿ ಬಿದ್ದು ಸುಳ್ಳು ಹೇಳುತ್ತದೆ. ಮೂರು ಕಡೆಯಿಂದ ನೋಡಿ: ನೇರ ಎದುರಿನಿಂದ, ಅರ್ಧ ಓರೆಯಿಂದ, ಕೊನೆಗೆ ಗಾಡಿಯ ಉದ್ದಕ್ಕೂ ಕಣ್ಣು ಹಾಯಿಸಿ. ಬೆಳಗಿನ ಬಯಲು ನೆರಳಲ್ಲಿ ಒಮ್ಮೆ, ನೇರ ಬಿಸಿಲಲ್ಲಿ ಒಮ್ಮೆ, ರಾತ್ರಿ ದೀಪದಡಿ ಒಮ್ಮೆ. ಹಗಲಲ್ಲಿ ಕೂಡಿದ್ದು ಬೀದಿದೀಪದಡಿ ಬೇರೆಯಾದರೆ ಕಲಸಿದ ವರ್ಣದ್ರವ್ಯಗಳು ಮೂಲದವಲ್ಲ ಎಂದರ್ಥ. ಸಾಮಾನ್ಯವಾಗಿ ಇದಕ್ಕೆ ಕಾರಣ ಕೌಂಟರ್‌ನಲ್ಲಿ ಕಣ್ಣಂದಾಜಿಗೆ ‘ಒಂಚೂರು ಹಸಿರು, ಒಂಚೂರು ಕೆಂಪು’ ಎಂದು ಸೇರಿಸಿದ್ದು. ತಿದ್ದುವುದಿದ್ದರೆ ಫಾರ್ಮುಲಾದಲ್ಲಿ ಮೊದಲೇ ಇರುವ ಟಿಂಟರ್‌ಗಳಿಂದಲೇ ತಿದ್ದಬೇಕು, ಒಂದು ಸಲಕ್ಕೆ ಒಂದನ್ನೇ, ಪ್ರತಿ ತಿದ್ದುಪಡಿಗೂ ಹೊಸ ಕಾರ್ಡ್.

ಸಿಲ್ವರ್: ಅರ್ಧ ಬಣ್ಣ ಗನ್ನಿನಲ್ಲಿದೆ

ಸಿಲ್ವರ್‌ಗೆ ಎರಡು ಮುಖ. ಎದುರಿನಿಂದ ಕಾಣುವುದು ಒಂದು, ಓರೆಯಿಂದ ಕಾಣುವುದು ಇನ್ನೊಂದು. ಚೂರುಗಳು ಮೈಗೆ ಸಮಾನಾಂತರವಾಗಿ ಮಲಗಿದಷ್ಟೂ ಎದುರುನೋಟ ಬೆಳ್ಳಗೆ, ಓರೆನೋಟ ಕಪ್ಪಗೆ. ಕೋಟ್ ತೀರಾ ಹಸಿಯಾಗಿ ಬಿದ್ದರೆ ಚೂರುಗಳು ಒಳಗೆ ತೇಲಿ ಅಡ್ಡಾದಿಡ್ಡಿ ನಿಲ್ಲುತ್ತವೆ. ಆಗ ಎದುರುನೋಟ ಕಪ್ಪಾಗುತ್ತದೆ, ಓರೆನೋಟ ತಿಳಿಯಾಗುತ್ತದೆ. ಒಂದೇ ಡಬ್ಬಿಯಿಂದ ಇಬ್ಬರು ಪೇಂಟರ್‌ಗಳು ಎರಡು ಸಿಲ್ವರ್ ತೆಗೆಯುವುದು ಹೀಗೆ.

ಕಾರ್ಡ್ ಎದುರಿನಿಂದ ಕಪ್ಪಾಗಿ ಕಂಡರೆ ಅಂಗಡಿಗೆ ಓಡುವ ಮೊದಲು ಗನ್ ನೋಡಿ. 1.3 ಮಿ.ಮೀ. ನಾಜಲ್, ಗನ್‌ಗೆ ಸುಮಾರು 2 ಬಾರ್ ಗಾಳಿ, 15ರಿಂದ 20 ಸೆಂ.ಮೀ. ದೂರ, ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಕವಿಯುವ ಪಾಸ್ (ಗನ್ನಿನ ಒಂದೊಂದು ಓಡಾಟ). ಪೇಂಟ್ ಹರಿವು ಸ್ವಲ್ಪ ಕಡಿಮೆ ಮಾಡಿ, ಬೇಗ ಆರುವ ಥಿನ್ನರ್ ಹಾಕಿ ಇನ್ನೊಂದು ಕಾರ್ಡ್ ಹೊಡೆಯಿರಿ. ಬಹಳ ಸಲ ಅಷ್ಟರಲ್ಲೇ ಕೂಡುತ್ತದೆ. ಎದುರುನೋಟ ಸರಿಯಿದ್ದು ಓರೆನೋಟ ಮಾತ್ರ ತಪ್ಪಿದ್ದರೆ ಗನ್‌ನಿಂದ ಸರಿಯಾಗದು. ಬೇರೆ ಗಾತ್ರದ ಚೂರಿನ ವೇರಿಯೆಂಟ್ ಬೇಕು, ಅಥವಾ ಚೂರುಗಳ ನಿಲುವನ್ನು ಬದಲಿಸುವ ಪೇಂಟ್ ಕಂಪನಿಯ ಸೇರ್ಪಡೆ ಬೇಕು. ಇಲ್ಲಿ ಕಪ್ಪು ಟಿಂಟರ್ ಸುರಿಯುವವರು ಎರಡೂ ನೋಟಗಳನ್ನು ಕೆಡಿಸುತ್ತಾರೆ.

ಎರಡು ಕೋಟ್‌ಗಳ ನಡುವೆ ಬೇಸ್ ಪೂರ್ತಿ ಹೊಳಪು ಕಳೆದುಕೊಳ್ಳುವವರೆಗೆ, 5ರಿಂದ 10 ನಿಮಿಷ, ಕಾಯಬೇಕು. ಕೊನೆಗೆ ಗಾಳಿ ತಗ್ಗಿಸಿ, ಗನ್ ಸ್ವಲ್ಪ ದೂರ ಹಿಡಿದು ತೆಳುವಾದ ಒಂದು ಕೋಟ್ ಉದುರಿಸಿದಂತೆ ಹೊಡೆದರೆ ಮೋಡಮೋಡವಾಗಿ ಕಾಣುವ ಮಚ್ಚೆಗಳು ಸಮವಾಗುತ್ತವೆ. ಆ ಕೋಟ್ ಕಾರ್ಡ್ ಮೇಲೂ ಬಿದ್ದಿರಬೇಕು, ಇಲ್ಲದಿದ್ದರೆ ಹೋಲಿಕೆ ವ್ಯರ್ಥ.

ಪರ್ಲ್ ಬಿಳಿ

070ರಂಥ ಬಣ್ಣದಲ್ಲಿ ಕೆಳಗೆ ಬಿಳಿ ಗ್ರೌಂಡ್ ಕೋಟ್, ಅದರ ಮೇಲೆ ಪಾರದರ್ಶಕ ಪರ್ಲ್ ಕೋಟ್, ಅದರ ಮೇಲೆ ಕ್ಲಿಯರ್. ಅಂಗಡಿಯವರು ಎರಡು ಡಬ್ಬಿ ಕೊಡಬೇಕು. ಒಂದೇ ಡಬ್ಬಿ ಕೊಟ್ಟು ‘ಇದರಲ್ಲೇ ಪರ್ಲ್ ಸೇರಿಸಿದ್ದೇವೆ’ ಎಂದರೆ ವಾಪಸ್ ಕೊಡಿ. ಪರ್ಲ್ ಪಾರದರ್ಶಕವಾದ್ದರಿಂದ ಪ್ರತಿ ಕೋಟ್‌ಗೂ ಬಣ್ಣ ಬದಲಾಗುತ್ತದೆ. ಕೆಲಸ ಹೀಗೆ: ಉದ್ದದ ಕಾರ್ಡ್‌ಗೆ ಗ್ರೌಂಡ್ ಹೊಡೆದು, ನಾಲ್ಕು ಪಟ್ಟಿ ಮಾಡಿ, ಒಂದನ್ನು ಬಿಟ್ಟು ಉಳಿದವನ್ನು ಟೇಪ್‌ನಿಂದ ಮುಚ್ಚಿ, ಟೇಪ್ ಒಂದೊಂದಾಗಿ ತೆಗೆಯುತ್ತಾ ಪರ್ಲ್ ಹೊಡೆಯಬೇಕು. ಕೊನೆಗೆ ಒಂದು, ಎರಡು, ಮೂರು, ನಾಲ್ಕು ಕೋಟ್ ಬಿದ್ದ ಪಟ್ಟಿಗಳು ಸಾಲಾಗಿ ಸಿಗುತ್ತವೆ. ಇಡೀ ಕಾರ್ಡ್‌ಗೆ ಕ್ಲಿಯರ್ ಹಾಕಿ ಬಾಗಿಲ ಮೇಲಿಟ್ಟರೆ ಯಾವ ಪಟ್ಟಿ ಮಾಯವಾಗುತ್ತದೋ ಅಷ್ಟು ಕೋಟ್. ಯಾವ ಪಟ್ಟಿಯೂ ಕೂಡದಿದ್ದರೆ ತಪ್ಪು ಗ್ರೌಂಡ್‌ನಲ್ಲಿದೆ, ಪರ್ಲ್ ಹೆಚ್ಚಿಸುತ್ತಾ ಹೋಗಬೇಡಿ. ಈ ಕಾರ್ಡ್‌ಗೆ ಅರ್ಧ ದಿನ ಹಿಡಿಯುತ್ತದೆ. ಅದಕ್ಕೆ ಪ್ರತ್ಯೇಕ ಕೂಲಿ ಕೇಳುವ ಪೇಂಟರ್ ನ್ಯಾಯವಾಗಿಯೇ ಕೇಳುತ್ತಿದ್ದಾರೆ.

ಬಂಪರ್‌ಗೆ ಬೇರೆ ಅಳತೆಗೋಲು

ಕಾರ್ಖಾನೆಯಲ್ಲಿ ಲೋಹದ ಮೈ ಸುಮಾರು 140 ಡಿಗ್ರಿಯಲ್ಲಿ ಬೇಯುತ್ತದೆ. ಪ್ಲಾಸ್ಟಿಕ್ ಅಷ್ಟು ಬಿಸಿ ತಾಳದು, ಬಂಪರ್ ಬೇರೆ ಪೇಂಟ್‌ನಲ್ಲಿ ಸುಮಾರು 80 ಡಿಗ್ರಿಯಲ್ಲಿ, ಎಷ್ಟೋ ಸಲ ಬೇರೆ ಘಟಕದಲ್ಲೇ ತಯಾರಾಗುತ್ತದೆ. ಹೊಸ ಗಾಡಿಯಲ್ಲೇ ಬಂಪರ್ ಮತ್ತು ಫೆಂಡರ್ ನಡುವೆ ಎಳೆಯಷ್ಟು ವ್ಯತ್ಯಾಸ ಇರುವುದು ಇದರಿಂದ. ಮುಂದಿನ ಬಂಪರ್ ಬದಲಿಸಿದ ಮೇಲೆ ಜಗಳಕ್ಕೆ ನಿಲ್ಲುವ ಮುನ್ನ ಹಿಂದಿನ ಬಂಪರ್ ಅದರ ಪಕ್ಕದ ಲೋಹಕ್ಕೆ ಎಷ್ಟು ಕೂಡಿದೆ ನೋಡಿ. ಅಷ್ಟು ಕೂಡಿದ್ದರೆ ಪೇಂಟರ್ ತನ್ನ ಕೆಲಸ ಮಾಡಿದ್ದಾರೆ. ಬಂಪರ್ ಮತ್ತು ಫೆಂಡರ್ ನಡುವೆ ಸಂದು ಇದೆ, ಮೈಯೂ ತಿರುಗುತ್ತದೆ. ಸಣ್ಣ ವ್ಯತ್ಯಾಸ ಅಲ್ಲಿ ಅಡಗುತ್ತದೆ. ಫೆಂಡರ್ ಮತ್ತು ಬಾಗಿಲು ಒಂದೇ ಸಮತಲ, ಅಲ್ಲಿ ಏನೂ ಅಡಗುವುದಿಲ್ಲ.

ಬಂಪರ್‌ನ ಒಳಮೈಯಲ್ಲಿ ‘ಪಿಪಿ+ಇಪಿಡಿಎಂ’ (ರಬ್ಬರ್ ಬೆರೆತ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಎಂಬ ಗುರುತು ಇದ್ದರೆ ಬಣ್ಣ ಹಿಡಿಸುವ ಪ್ಲಾಸ್ಟಿಕ್ ಪ್ರೈಮರ್ ಕಡ್ಡಾಯ. ಅದಿಲ್ಲದೆ ಹೊಡೆದ ಬಣ್ಣ ಕೆಲವು ತಿಂಗಳಲ್ಲಿ ಕಾರ್ ವಾಷ್‌ನ ನೀರಿನ ರಭಸಕ್ಕೇ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಪ್ರೈಮರ್ ಹಚ್ಚದ ಹೊಸ ಬಂಪರ್ ಮೇಲೆ ಅಚ್ಚಿನ ಎಣ್ಣೆ ಅಂಟಿರುತ್ತದೆ. ಸೋಪು ನೀರಿನಲ್ಲಿ ತೊಳೆದು, ಬೂದು ಸ್ಕಾಚ್‌ಬ್ರೈಟ್‌ನಲ್ಲಿ ತಿಕ್ಕಿ, ಪ್ಲಾಸ್ಟಿಕ್ ಕ್ಲೀನರ್‌ನಲ್ಲಿ ಎರಡು ಸಲ ಒರೆಸಿ, ಆಮೇಲೆ ಪ್ರೈಮರ್. ಬಂಪರ್ ಹಿಂದೆ ರೇಡಾರ್ ಸೆನ್ಸರ್ ಇರುವ ಗಾಡಿಗಳಲ್ಲಿ ಆ ಜಾಗದಲ್ಲಿ ಪುಟ್ಟಿ ಹಾಕುವಂತಿಲ್ಲ, ಪದರದ ದಪ್ಪಕ್ಕೂ ಮಿತಿ ಇರುತ್ತದೆ. ಆ ಗಾಡಿಯ ರಿಪೇರಿ ಕೈಪಿಡಿ ನೋಡದೆ ಕೆಲಸ ಕೊಡಬೇಡಿ.

ಫೆಂಡರ್ ಮತ್ತು ಬ್ಲೆಂಡ್

ಹೊಸ ಲೋಹದ ಫೆಂಡರ್ ಕಪ್ಪು ಇ-ಕೋಟ್ (ಕಾರ್ಖಾನೆಯ ತಳಲೇಪ) ಹೊತ್ತು ಬರುತ್ತದೆ. ಅದು ತುಕ್ಕಿನ ವಿರುದ್ಧ ಒಳ್ಳೆಯ ಕವಚ, ಕೆರೆದು ಲೋಹ ಕಾಣಿಸುವ ಅಗತ್ಯವಿಲ್ಲ. ಪಿ320ರಿಂದ ಪಿ400ರ ಉಜ್ಜುಕಾಗದದಲ್ಲಿ ಹಗುರಾಗಿ ಉಜ್ಜಿ, 2ಕೆ (ಹಾರ್ಡ್‌ನರ್ ಬೆರೆಸುವ) ಸರ್ಫೇಸರ್ ಎಂಬ ತಳಪದರವನ್ನು ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಪಿ600ರಿಂದ ಪಿ800ರಲ್ಲಿ ಉಜ್ಜಬೇಕು. ಸರ್ಫೇಸರ್‌ನ ಬಣ್ಣವೂ ಮುಖ್ಯ. ಕೆಂಪು, ಹಳದಿಯಂಥ ತೆಳುಮುಚ್ಚಿನ ಬಣ್ಣಗಳ ಕೆಳಗೆ ಫಾರ್ಮುಲಾ ಹೇಳುವ ಗ್ರೇ ಛಾಯೆಯನ್ನೇ ಹಾಕಬೇಕು, ಇಲ್ಲದಿದ್ದರೆ ಐದು ಕೋಟ್ ಬಿದ್ದರೂ ತಳ ಇಣುಕುತ್ತದೆ.

ಬಾಗಿಲಿಗೆ ಬ್ಲೆಂಡ್ ಮಾಡಲು ಹಿಡಿಕೆ, ಬೀಡಿಂಗ್, ಕನ್ನಡಿ ಬಿಚ್ಚಬೇಕು. ಟೇಪ್ ಹಚ್ಚಿ ಮುಗಿಸಿದರೆ ಅದರ ಅಂಚಿನಲ್ಲೇ ಕ್ಲಿಯರ್ ಬಿಡಲು ಶುರುವಾಗುತ್ತದೆ. ಬಾಗಿಲನ್ನು ಪಿ1000 ಅಥವಾ ಅದಕ್ಕಿಂತ ನಯವಾದ ಕಾಗದದಲ್ಲಿ ಪೂರ್ತಿ ಮ್ಯಾಟ್ ಮಾಡಿ. ಸಿಲ್ವರ್ ಆದರೆ ಬಣ್ಣ ಮುಗಿಯುವ ವಲಯಕ್ಕೆ ಮೊದಲು ಪಾರದರ್ಶಕ ಬ್ಲೆಂಡರ್ ದ್ರವವನ್ನು ಹಸಿಯಾಗಿ ಹೊಡೆಯಬೇಕು. ಇಲ್ಲದಿದ್ದರೆ ಅಂಚಿನಲ್ಲಿ ಒಣ ಚೂರುಗಳು ನಿಂತು ಕಪ್ಪು ನೆರಳಿನಂತೆ ಗೆರೆ ಕಾಣುತ್ತದೆ. ಫೆಂಡರ್‌ಗೆ ಮೊದಲ ಕೋಟ್ ಪೂರ್ತಿ. ಎರಡನೆಯದು ಬಾಗಿಲಿನ ಮೇಲೆ ಸುಮಾರು 10 ಸೆಂ.ಮೀ. ಚಾಚಲಿ. ಮೂರನೆಯದು ಇನ್ನೂ ಮುಂದೆ, ಗಾಳಿ ತಗ್ಗಿಸಿ, ಮಣಿಕಟ್ಟು ತಿರುಗಿಸುತ್ತಾ ಮಾಯವಾಗುವಂತೆ. ಬೇಸ್ ಬಾಗಿಲಿನ ಅರ್ಧ ದಾಟಬಾರದು. ಕ್ಲಿಯರ್ ಮಾತ್ರ ಬಾಗಿಲಿಗೆ ಅಂಚಿನಿಂದ ಅಂಚಿಗೆ ಎರಡು ಕೋಟ್. ಕ್ಲಿಯರ್ ಅನ್ನು ನಡುಬಾಗಿಲಿನಲ್ಲಿ ಕೊನೆಗಾಣಿಸಿ ಥಿನ್ನರ್‌ನಿಂದ ಕರಗಿಸುವವರಿದ್ದಾರೆ. ಆ ಗೆರೆ ಆರು ತಿಂಗಳು, ವರ್ಷದಲ್ಲಿ ಬಿಸಿಲಿಗೆ ಎದ್ದು ಕಾಣುತ್ತದೆ.

ಇನ್ನೋವಾದಂಥ ಗಾಡಿಯ ಬಂಪರ್, ಒಂದು ಫೆಂಡರ್, ಬಾಗಿಲಿನ ಬ್ಲೆಂಡ್ ಮತ್ತು ಕಾರ್ಡ್‌ಗಳಿಗೆ ಥಿನ್ನರ್ ಸೇರಿಸುವ ಮೊದಲಿನ ಬೇಸ್ ಸುಮಾರು 700 ಮಿ.ಲೀ. ಬೇಕಾಗುತ್ತದೆ, ಬಂಪರ್ ಒಂದಕ್ಕೇ 300ರಿಂದ 400. ಕ್ಲಿಯರ್ ಹಾರ್ಡ್‌ನರ್ ಸೇರಿ ಸುಮಾರು ಒಂದು ಲೀಟರ್. 2:1 ಕ್ಲಿಯರ್ ಆದರೆ 650 ಮಿ.ಲೀ.ಗೆ 325 ಹಾರ್ಡ್‌ನರ್. ಬೂತ್‌ನಲ್ಲಿ ಮೈಯ ಬಿಸಿ 60 ಡಿಗ್ರಿ ಮುಟ್ಟಿದ ಮೇಲೆ 30 ನಿಮಿಷ ಬೇಯಬೇಕು. ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟಕ್ಕೆ ಬಹಳ ಕೆಟ್ಟದ್ದು. ಕರ್ಚೀಫ್ ಕಟ್ಟಿಕೊಂಡು ಕ್ಲಿಯರ್ ಹೊಡೆಯುವ ಹುಡುಗರನ್ನು ಕಂಡರೆ ಮಾಲೀಕರಿಗೆ ಗಾಳಿ ಪೂರೈಸುವ ಮಾಸ್ಕ್ ಕೊಡಿಸಲು ಹೇಳಿ.

ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಬೇಗ ಆರುವ ಥಿನ್ನರ್ ಹಾಕಿದರೆ ಪದರ ತಣ್ಣಗಾಗಿ ತೇವ ಹಿಡಿದು ಹಾಲಿನಂತೆ ಮಂಜಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದೇ ಥಿನ್ನರ್ ಬಣ್ಣವನ್ನು ಗಾಳಿಯಲ್ಲೇ ಒಣಗಿಸಿ ಸಿಲ್ವರ್ ಅನ್ನು ಬಿಳಿಚಿಸುತ್ತದೆ. ಥಿನ್ನರ್ ಬದಲಾದರೆ ಕಾರ್ಡ್ ಕೂಡ ಹೊಸದು.

ಬೇರೆ ದಾರಿಗಳು

ಶಿವಾಜಿನಗರದ ಗುಜರಿಯಂಥ ಕಡೆ ಅದೇ ಬಣ್ಣದ ಹಳೇ ಬಾಗಿಲು, ಫೆಂಡರ್ ಹುಡುಕುವುದು ಅಗ್ಗ. ಆದರೆ ಅದು ತಿಂದ ಬಿಸಿಲು ನಿಮ್ಮ ಗಾಡಿ ತಿಂದದ್ದಲ್ಲ. ದಪ್ಪ ಅಳೆಯುವ ಉಪಕರಣ ಇಟ್ಟು ನೋಡಿ: ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, 200 ದಾಟಿದರೆ ಮತ್ತೆ ಬಳಿದದ್ದು ಎಂದೇ ಹಿಡಿಯಿರಿ, ನೂರಾರು ಮೈಕ್ರಾನ್ ತೋರಿಸಿದರೆ ಪುಟ್ಟಿ. ಹೇಗೂ ಪೇಂಟ್ ಮಾಡಿಸುವುದಾದರೆ ಬಣ್ಣ ನೋಡದೆ ತುಕ್ಕಿಲ್ಲದ, ನೆಟ್ಟಗಿರುವ ಭಾಗ ಆರಿಸಿ.

ಕೋಡ್ ಹೇಳಿ ತರಿಸುವ ಸ್ಪ್ರೇ ಕ್ಯಾನ್ ಅಂಗೈಯಗಲದ ಗೀರಿಗೆ ಸರಿ. ಇಡೀ ಬಂಪರ್‌ಗೆ ಬೇಡ. ಗಾಳಿ, ಹರಿವು ಯಾವುದನ್ನೂ ಬದಲಿಸಲು ಬರುವುದಿಲ್ಲ, ಸಾಮಾನ್ಯ 1ಕೆ (ಹಾರ್ಡ್‌ನರ್ ಇಲ್ಲದ) ಕ್ಲಿಯರ್ ಪೆಟ್ರೋಲ್ ತಾಗಿದರೆ ಮೆತ್ತಗಾಗುತ್ತದೆ.

ವಿಮೆಯಲ್ಲಿ ಮಾಡಿಸುವವರು ಎರಡು ವಿಷಯ ಗಮನಿಸಿ. ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ. ಪೇಂಟಿಂಗ್‌ನಲ್ಲಿ ಸಾಮಗ್ರಿಯ ಬೆಲೆಗೆ ಮಾತ್ರ ಶೇ. 50 ಕಡಿತ, ಬಿಲ್ಲಿನಲ್ಲಿ ಸಾಮಗ್ರಿ ಮತ್ತು ಕೂಲಿ ಬಿಡಿಸಿ ಬರೆಯದಿದ್ದರೆ ಒಟ್ಟು ಪೇಂಟಿಂಗ್ ಮೊತ್ತದ ಶೇ. 25 ಅನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ. ₹8,000ದ ಪೇಂಟಿಂಗ್ ಬಿಲ್ಲಾದರೆ ಸಾಮಗ್ರಿ ₹2,000, ನಿಮ್ಮ ಕೈಯಿಂದ ₹1,000. ಎರಡನೆಯದು, ಏಟು ಬೀಳದ ಬಾಗಿಲಿನ ಬ್ಲೆಂಡ್ ಖರ್ಚನ್ನು ವಿಮೆಯ ಸರ್ವೇಯರ್ ಪ್ರಶ್ನಿಸಬಹುದು. ಅದನ್ನು ಎಸ್ಟಿಮೇಟ್‌ನಲ್ಲೇ ಪ್ರತ್ಯೇಕ ಸಾಲಾಗಿ ಬರೆಸಿ, ಕೆಲಸ ಶುರುವಾಗುವ ಮುಂಚೆ ಒಪ್ಪಿಗೆ ಪಡೆಯಿರಿ. ಬೂತ್‌ನಿಂದ ಬಂದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಗಾಡಿ ಬಿಡಿಸಿಕೊಳ್ಳುವ ದಿನ ಸಂಜೆ ಆರು ಗಂಟೆಗೆ ಹೋಗಬೇಡಿ, ಹಗಲಲ್ಲಿ ಹೋಗಿ. ಉಳಿದ ಬೇಸ್ ಅನ್ನು ಥಿನ್ನರ್ ಸೇರಿಸದ ಸ್ಥಿತಿಯಲ್ಲಿ ಗಾಳಿಯಾಡದ ಸಣ್ಣ ಡಬ್ಬಿಗೆ ತುಂಬಿಸಿಕೊಳ್ಳಿ. ಮುಂದೊಂದು ದಿನ ಸಣ್ಣ ಗೀರಿಗೆ ಬರುತ್ತದೆ. ಹಾರ್ಡ್‌ನರ್ ಬೆರೆಸಿದ ಕ್ಲಿಯರ್ ಉಳಿಯುವುದಿಲ್ಲ, ಅದೇ ದಿನ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ ಪೇಂಟ್ ಕಂಪನಿ, ಕೋಡ್, ವೇರಿಯೆಂಟ್, ತಿದ್ದುಪಡಿಯ ಗ್ರಾಂ, ನಾಜಲ್, ಥಿನ್ನರ್, ಕೋಟ್‌ಗಳ ಸಂಖ್ಯೆ ಬರೆಸಿ, ಟೆಸ್ಟ್ ಕಾರ್ಡ್ ಅನ್ನೂ ಕೇಳಿ ಪಡೆದು ಆರ್‌ಸಿ ಪುಸ್ತಕದ ಜೊತೆ ಬಿಸಿಲು ತಾಗದ ಕಡೆ ಇಡಿ.